ರಬ್ಬರ್ ಕೆಳಗಿಡು ಪುಟ್ಟಿ

ಪುಟ್ಟಿ,

ನೀನು ಹೋದ ಮೇಲೆ ನಿಮ್ಮತ್ತೆ ಮೇಜು ಒರೆಸಿದರೆ ಒಂದು ಹಿಡಿ ರಬ್ಬರ್ ಪುಡಿ ಸಿಕ್ಕಿತು. ಚಿತ್ರದಲ್ಲಿ ಒಂದೇ ಕೈಯನ್ನು ಎಷ್ಟು ಸಲ ಅಳಿಸಿದೆ ಮಾರಾಯ್ತಿ? ಮೊದಲು ಗೀಚಿದ್ದೇ ಚೆನ್ನಾಗಿತ್ತು. ಬೇಜಾರು ಮಾಡ್ಕೊಳ್ತೀಯ ಅಂತ ಆಗ ಸುಮ್ಮನಿದ್ದೆ.

ನೀನು ಹೇಳಿದ ಜಪಾನಿ ಅನಿಮೇಶನ್ ಸಿನಿಮಾ, 'ಕಾಗುಯಾ ರಾಜಕುಮಾರಿಯ ಕತೆ', ಭಾನುವಾರ ನೋಡಿದೆ. ಇಸಾವೊ ತಕಹತ 2013ರಲ್ಲಿ ಮಾಡಿದ್ದು. ಕತೆ ಅಲ್ಲಿನವರಿಗೆ ಸಾವಿರ ವರ್ಷದಿಂದ ಗೊತ್ತಿರುವುದೇ. ಬಿದಿರು ಕಡಿಯುವ ಮುದುಕನಿಗೆ ಹೊಳೆಯುವ ಕಳಲೆಯೊಳಗೆ ಅಂಗೈಯಷ್ಟು ಹುಡುಗಿ ಸಿಗುತ್ತಾಳೆ, ದಿಢೀರ್ ಅಂತ ಬೆಳೆಯುತ್ತಾಳೆ, ಕೊನೆಗೆ ಚಂದ್ರನಿಗೆ ವಾಪಸ್. ಊರ ಹುಡುಗರು ಅವಳನ್ನು 'ಕಳಲೆ' ಅಂತಲೇ ಕೂಗುತ್ತಾರೆ, ನನಗೆ ಅದು ಬಹಳ ಹಿಡಿಸಿತು. 137 ನಿಮಿಷ. ಐದು ಗಂಡುಗಳು ಬರುವ ಭಾಗ ಸ್ವಲ್ಪ ಜಾಸ್ತಿಯೇ ಆಯಿತು (ಅದರಲ್ಲೊಬ್ಬ ನಮ್ಮ ದೇಶದಿಂದ ಬುದ್ಧನ ಭಿಕ್ಷಾಪಾತ್ರೆ ತರಬೇಕಂತೆ!).

ನೀನು ನೋಡಬೇಕಾದ್ದು ಗೆರೆ. ಹೆಸರಿಡುವ ಔತಣದ ದಿನ ಕುಡಿದ ಗಂಡಸರು ಅವಳ ಬಗ್ಗೆ ಹಗುರವಾಗಿ ಮಾತಾಡುತ್ತಾರೆ, ಅವಳು ಎದ್ದು ಓಡುತ್ತಾಳೆ. ಅಲ್ಲಿಯವರೆಗೆ ನೀರುಬಣ್ಣದಲ್ಲಿ ತಣ್ಣಗಿದ್ದ ಚಿತ್ರ ಒಮ್ಮೆಲೇ ಇದ್ದಿಲಲ್ಲಿ ಗೀಚಿದ ಹಾಗಾಗುತ್ತದೆ, ಮೈಮೇಲಿನ ಬಟ್ಟೆ ಪದರ ಪದರವಾಗಿ ಕಳಚಿ ಹಿಂದೆ ಬೀಳುತ್ತದೆ, ಮುಖ ಕೂಡ ಸರಿಯಾಗಿ ಕಾಣುವುದಿಲ್ಲ, ಬರೀ ಗೆರೆ. ಅವಳ ಸಿಟ್ಟೆಲ್ಲ ಅದರಲ್ಲೇ ಇದೆ. ಅದನ್ನು ನೀಟಾಗಿ ತಿದ್ದಿದ್ದರೆ ಯಾರೋ ಹುಡುಗಿ ಓಡುತ್ತಿದ್ದಾಳೆ ಅಂತ ಗೊತ್ತಾಗುತ್ತಿತ್ತು, ಅಷ್ಟೇ. ಎಷ್ಟೋ ಕಡೆ ಅಂಚಿನ ಬಿಳಿ ಹಾಳೆಯನ್ನೂ ಹಾಗೇ ಬಿಟ್ಟಿದ್ದಾರೆ.

ಇದನ್ನು ಸೋಮಾರಿತನ ಅಂದ್ಕೋಬೇಡ. ಎಂಟು ವರ್ಷ ಹಿಡಿಯಿತು, ಬಿಡುಗಡೆ ಹೊತ್ತಿಗೆ ತಕಹತ ಅವರಿಗೆ 78 ವಯಸ್ಸು. ಗೀಚಿದ್ದು ಗೀಚಿದ ಹಾಗೇ ಉಳಿದು ಚಿತ್ರದಿಂದ ಚಿತ್ರಕ್ಕೆ ಓಡಬೇಕಲ್ಲ, ಅದು ನೀಟು ಗೆರೆಗಿಂತ ಕಷ್ಟ. ಮೂವತ್ತು ವರ್ಷ ಅಂಗಡಿ ಬೋರ್ಡ್ ಬರೆದವನು ನಾನು. 'ಶ್ರೀ'ಯ ಬಾಲ ಒಂದೇ ಎಳೆತಕ್ಕೆ ಬರಬೇಕು, ಎರಡನೇ ಸಲ ಬ್ರಷ್ ಮುಟ್ಟಿಸಿದೆಯೋ, ದಪ್ಪಗಾಗಿ ಸತ್ತು ಬೀಳುತ್ತದೆ.

ಒಂದು ಕೆಲಸ ಮಾಡು. ಸಿನಿಮಾದಲ್ಲಿ ಕಾಗುಯಾ ಪಾಪು ಆಗಿದ್ದಾಗ ಕಪ್ಪೆ ನೋಡಿ ಅದರ ಹಾಗೇ ಮಾಡುವುದು, ಹೊರಳುವುದು, ಬೀಳುವುದು, ಅದಿಷ್ಟನ್ನು ನಿಲ್ಲಿಸಿ ನಿಲ್ಲಿಸಿ ನೋಡು. ಆಮೇಲೆ ನಿಮ್ಮಕ್ಕನ ಪಾಪು ಮುಂದೆ ಕೂತು ಬರಿ, ಪೆನ್ನಲ್ಲೇ, ಇಪ್ಪತ್ತು ಹಾಳೆ. ಕೆಟ್ಟಿದ್ದನ್ನು ಹರಿಯಬೇಡ, ಎಲ್ಲಾ ತಗೊಂಡು ಬಾ. ಬರುವಾಗ ಚಕ್ಕುಲಿ ಡಬ್ಬ ಮರೆಯಬೇಡ, ಅತ್ತೆ ಎರಡು ಸಲ ಕೇಳಿದಳು.

ನಿನ್ನ ಮಾವ