ಬಲ್ಬಿನದಲ್ಲ ತಪ್ಪು, ವೈರಿನದು

ಮಾನ್ಯ ಸಂಪಾದಕರೇ,

ನಮ್ಮ ಮನೆಯಲ್ಲಿ ಅಪ್ಪನ ಕಾಲದ ಪ್ರೀಮಿಯರ್ ಪದ್ಮಿನಿ ಕಾರು ಇದೆ, 1984ರ ಮಾಡೆಲ್. ಗಂಗಾವತಿಯವರ ಬಾಯಲ್ಲಿ ಈಗಲೂ ಅದು ಫಿಯೆಟ್ಟೇ. ಓಡೋದಕ್ಕೆ ತಕರಾರಿಲ್ಲ, ಆದರೆ ರಾತ್ರಿ ಹೆಡ್‌ಲೈಟು ಕಂದೀಲು ಹಿಡಿದ ಹಾಗೆ. ಭತ್ತದ ಕೊಯ್ಲಿನಲ್ಲಿ ಕಾರಟಗಿ ಕಡೆ ಓಡಾಡುವವರಿಗೆ ಗೊತ್ತು, ಹಿಂದೆ ಒಂದು ಕೆಂಪು ರಿಫ್ಲೆಕ್ಟರೂ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್ ಮೂಗಿನ ಹತ್ತಿರ ಬಂದ ಮೇಲೇ ಕಾಣೋದು. ಶ್ರೀರಾಮನಗರ ದಾಟಿದ ಮೇಲೆ ಒಮ್ಮೆ ಹೀಗೇ ಬ್ರೇಕ್ ತುಳಿದು ಕೂದಲೆಳೆಯಲ್ಲಿ ಉಳಿದೆ. ಮರುದಿನವೇ ಎಲ್‌ಇಡಿ ಬಲ್ಬು ಹಾಕಿಸಿದೆ.

ಹತ್ತು ನಿಮಿಷದ ಕೆಲಸ. ಹಾಲಿನಂಥ ಬೆಳಕು, ಖುಷಿಯಾಯಿತು. ಆದರೆ ಎದುರು ಬರುವವರೆಲ್ಲ ಡಿಪ್ ಹೊಡೆದು ಬೈದುಕೊಂಡು ಹೋಗೋರು. ನಾನು ಡಿಮ್‌ನಲ್ಲೇ ಇದ್ದೆ! ಕೊನೆಗೆ ತಮ್ಮನ ಕೈಗೆ ಕಾರು ಕೊಟ್ಟು ನಾನು ಬೈಕಿನಲ್ಲಿ ಎದುರಿಗೆ ಬಂದು ನೋಡಿದೆ. ರಸ್ತೆ ಅಂಚು, ಪಕ್ಕದ ಕಾಲುವೆ, ಏನೂ ಕಾಣಲಿಲ್ಲ. ಬೈಕು ನಿಲ್ಲಿಸಿಬಿಟ್ಟೆ.

ಆಮೇಲೆ ಒಂದು ಅಕ್ಕಿ ಗಿರಣಿಯ ಗೋಡೆಗೆ 25 ಅಡಿ ದೂರ ಕಾರು ನಿಲ್ಲಿಸಿ ಹಳೆ ಹ್ಯಾಲೊಜೆನ್, ಹೊಸ ಎಲ್‌ಇಡಿ, ಎರಡೂ ಬಲ್ಬು ಹಾಕಿ ನೋಡಿದೆವು. ಹ್ಯಾಲೊಜೆನ್ನಿನ ಡಿಮ್ ಬೆಳಕು ಹೆಡ್‌ಲೈಟಿನ ಎತ್ತರಕ್ಕಿಂತ ತುಸು ಕೆಳಗೆ ಗೆರೆ ಎಳೆದ ಹಾಗೆ ನಿಂತಿತು, ಎಡಕ್ಕೆ ಮಾತ್ರ ಸ್ವಲ್ಪ ಮೇಲೇರಿತ್ತು. ಎಲ್‌ಇಡಿಯದು ಗೋಡೆ ತುಂಬ ಚೆಲ್ಲಿ ಮೇಲಿನ ತಗಡಿನವರೆಗೂ ಹೋಗಿತ್ತು. ಡೂಮಿನ, ಅಂದರೆ ಬಲ್ಬು ಕೂರುವ ದುಂಡನೆ ಹೆಡ್‌ಲೈಟಿನ, ಒಳಗಿನ ಕನ್ನಡಿ, ಮುಂದಿನ ಗೆರೆಗೆರೆ ಗಾಜು, ಎರಡನ್ನೂ ಹಳೆ ಬಲ್ಬಿನ ತಂತಿ ಎಲ್ಲಿ ಉರಿಯುತ್ತದೋ ಆ ಜಾಗಕ್ಕೆ ಅಳೆದು ಮಾಡಿರುತ್ತಾರೆ, ಡಿಮ್, ಬ್ರೈಟ್ ಎರಡೂ ತಂತಿ ಒಂದರಲ್ಲೇ ಇರುವ ಎಚ್4 ಬಲ್ಬಿನಲ್ಲಿ ಡಿಮ್ ತಂತಿಯ ಕೆಳಗೆ ಬೆಳಕು ತಡೆಯಲು ಪುಟ್ಟ ಬಟ್ಟಲಿನಂಥ ತಗಡು ಬೇರೆ ಇರುತ್ತದೆ. ಎಲ್‌ಇಡಿ ಚಿಪ್ ಒಂದೆರಡು ಮಿಲಿಮೀಟರ್ ಆಚೀಚೆ ಕೂತರೂ ಲೆಕ್ಕ ತಪ್ಪಿತು.

ನಮ್ಮ ಫಿಯೆಟ್ಟಿನ ರೋಗವೇ ಬೇರೆ ಇತ್ತು. ಮೀಟರ್ ಹಿಡಿದರೆ ಬ್ಯಾಟರಿಯಲ್ಲಿ 12.6 ವೋಲ್ಟ್, ಹಳೆ ಬಲ್ಬಿನ ಹೋಲ್ಡರಿನಲ್ಲಿ 10.7. ಎರಡು 55 ವ್ಯಾಟ್ ಬಲ್ಬಿಗೆ ಬೇಕಾದ 9 ಆಂಪಿಯರ್ ಕರೆಂಟು ನಲವತ್ತು ವರ್ಷದ ಸಪೂರ ವೈರು, ಸವೆದ ಸ್ವಿಚ್ಚು ಸುತ್ತಿ ಬರುತ್ತಿತ್ತು. ವೋಲ್ಟೇಜ್ ಶೇ 15 ಬಿದ್ದರೆ ಹ್ಯಾಲೊಜೆನ್ ಬೆಳಕು ಸುಮಾರು ಅರ್ಧಕ್ಕೆ ಇಳಿಯುತ್ತದೆ, ಕಂದೀಲು ಅಂದಿದ್ದು ಸುಮ್ನೆ ಅಲ್ಲ. ಬ್ಯಾಟರಿಯಿಂದ ನೇರ ದಪ್ಪ ವೈರು, ಎರಡು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಹಾಯಿಸುವ ಸ್ವಿಚ್ಚು), ಫ್ಯೂಸು ಹಾಕಿಸಿ ಹಳೆ ಬಲ್ಬನ್ನೇ ತಿರುಗಿ ಕೂರಿಸಿದೆ. ಎಂಟುನೂರು ರೂಪಾಯಿ ಒಳಗೆ ಮುಗಿಯಿತು. ಈಗ ರಸ್ತೆ ಚೆನ್ನಾಗಿ ಕಾಣುತ್ತದೆ, ಯಾರೂ ಬೈಯುತ್ತಿಲ್ಲ.

ಎಲ್‌ಇಡಿಯೇ ಬೇಕೆನ್ನುವವರು 7 ಇಂಚಿನ ಪೂರ್ತಿ ಎಲ್‌ಇಡಿ ಡೂಮ್ ಹಾಕಿಸಿ. ಅದರಲ್ಲೂ ಡಿಮ್ ಗೆರೆ ಸರಿಯಾಗಿರುವುದನ್ನು ಗೋಡೆಗೆ ಹಿಡಿದು ನೋಡಿಯೇ ದುಡ್ಡು ಕೊಡಿ.

ಅಧಿಕಾರಿಗಳಲ್ಲಿ ಒಂದು ಮಾತು. ಹಗಲಲ್ಲಿ ಹೆಲ್ಮೆಟ್ಟು, ಕಾಗದಪತ್ರ ನೋಡುತ್ತೀರಿ, ಒಳ್ಳೆಯದೇ. ಕೊಯ್ಲು ಶುರುವಾಗುವ ಮೊದಲು ಸಿಂಧನೂರು ರಸ್ತೆಯಲ್ಲಿ ಒಂದೆರಡು ರಾತ್ರಿ ನಿಂತು ಕಣ್ಣು ಕುಕ್ಕುವ ಹೆಡ್‌ಲೈಟುಗಳನ್ನೂ ನೋಡಿ, ಟ್ರೇಲರ್ ಹಿಂದೆ ಕೆಂಪು ಟೇಪು ಅಂಟಿಸಿ.

ನನ್ನ ಎಲ್‌ಇಡಿ ಬಲ್ಬುಗಳು ಡಿಕ್ಕಿಯಲ್ಲಿ ಬಿದ್ದಿವೆ. ಅಳಿಯ ತನ್ನ ಹಳೆ ಜೀಪಿಗೆ ಕೇಳಿದ, ಕೊಡಲಿಲ್ಲ.

– ಒಬ್ಬ ಓದುಗ, ಗಂಗಾವತಿ, ಕೊಪ್ಪಳ ಜಿಲ್ಲೆ