ಗೆಳೆಯನಿಗೊಂದು ಪತ್ರ: ಪ್ರಾಮೋ ಸ್ಲಿಂಗೋ ಅಂತ ಕೇಳಿದ್ಯಲ್ಲ

ಲೋ ಗುರು,

ನಿನ್ನೆ ರಾತ್ರಿ ಮೂರು ಪ್ರಾಮ್ (ಮಗೂನ ಮಲಗ್ಸಿ ತಳ್ಳೋ ಗಾಡಿ) ಲಿಂಕು, ಎರಡು ಸ್ಲಿಂಗ್ (ಮಗೂನ ಮೈಗೆ ಕಟ್ಕೊಳ್ಳೋ ಬಟ್ಟೆ) ಲಿಂಕು ಕಳಿಸಿ "ಯಾವ್ದು ಹಾಕ್ಲಿ ಬೇಗ ಹೇಳು, ಬೆಳಗ್ಗೆ ಆಫರ್ ಮುಗಿಯತ್ತೆ" ಅಂದ್ಯಲ್ಲ, ಆಫರ್ ಮುಗೀಲಿ ಬಿಡು. ಇದು ವಾಟ್ಸಾಪಲ್ಲಿ ಎರಡು ಲೈನಲ್ಲಿ ಮುಗಿಯೋ ವಿಷ್ಯ ಅಲ್ಲ, ಅದಕ್ಕೆ ಉದ್ದಕ್ಕೆ ಬರೀತಿದ್ದೀನಿ, ಎಲ್ರಿಗೂ ಕಾಣೋ ಹಾಗೇ ಹಾಕ್ತಿದ್ದೀನಿ, ಯಾಕಂದ್ರೆ ಈ ವರ್ಷ ನಮ್ ಬ್ಯಾಚಲ್ಲಿ ಅಪ್ಪ ಆಗ್ತಿರೋನು ನೀನೊಬ್ನೇ ಅಲ್ಲ.

ಎಲ್ರೂ ಮಗೂಗೆ ಯಾವ್ದು ಒಳ್ಳೇದು ಅಂತ್ಲೇ ಕೇಳ್ತಾರೆ. ನಾನು ಕೇಳೋದು ನಿಮ್ಮನೆ ಮೆಟ್ಲಿಗೆ ಯಾವ್ದು ಆಗತ್ತೆ ಅಂತ. ಹನುಮಂತನಗರದಲ್ಲಿ ಮೂರನೇ ಮಹಡಿ, ಲಿಫ್ಟಿಲ್ಲ, ಮೆಟ್ಲು ತಿರುಗೋ ಕಡೆ ಓನರ್ ಆಂಟಿ ಹೂವಿನ ಕುಂಡ, ಕೆಳಗೆ ಗೇಟಿಗೆ ಅಡ್ಡ ಎರಡು ಸ್ಕೂಟರ್. ನೀನು ಕಳ್ಸಿರೋ ಮೊದಲ್ನೇ ಪ್ರಾಮು ಖಾಲಿ ಇದ್ರೇನೇ ಒಂಬತ್ತು ಕೆಜಿ ಚಿಲ್ರೆ ಅಂತ ಅಲ್ಲೇ ಕೆಳಗೆ ಸಣ್ಣಕ್ಷರದಲ್ಲಿದೆ, ನೀನು ನೋಡಿರಲ್ಲ, ಬಣ್ಣ ನೋಡಿರ್ತೀಯ. ಅದನ್ನ ಒಂದ್ ಕೈಲಿ, ಮಗೂನ ಇನ್ನೊಂದ್ ಕೈಲಿ, ಡೈಪರ್ ಬ್ಯಾಗು ಹೆಗಲಿಗೆ ಹಾಕ್ಕೊಂಡು ಮೂರು ಮಹಡಿ ಇಳಿಯೋದು ನೀನಲ್ಲಪ್ಪ, ಹಗಲೊತ್ತು ಮನೇಲಿರೋ ನಿಮ್ಮನೆಯವ್ರು. ಸಿಸೇರಿಯನ್ ಆದ್ರಂತೂ ಮಾತೇ ಬೇಡ. ಕೊನೆಗೆ ಪ್ರಾಮು ಬಾಲ್ಕನೀಲಿ ನಿಂತು ಅದರ ಮೇಲೆ ಒಗೆದ ಬಟ್ಟೆ ಬೀಳತ್ತೆ, ನಮ್ ರೋಡಲ್ಲೇ ಅಂಥ ಪ್ರಾಮ್‌ಗಳನ್ನ ಬೇಕಾದ್ರೆ ತೋರಿಸ್ತೀನಿ ಬಾ.

ಸರಿ, ಹೆಂಗೋ ಇಳಿಸ್ದೆ ಅನ್ಕೋ. ತಳ್ಳೋದೆಲ್ಲಿ? ರೋಡು ಹೆಂಗಿರ್ಬೇಕು ಅಂತ ಹೇಳೋ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನವ್ರು 2012ರಲ್ಲೇ ಬರ್ದಿಟ್ಟಿದ್ದಾರೆ, ಫುಟ್‌ಪಾತಲ್ಲಿ ಏನೂ ಅಡ್ಡ ಇಲ್ದೆ ಕಮ್ಮಿ ಅಂದ್ರೂ 1.8 ಮೀಟರ್ ಅಗಲ ಜಾಗ ಇರ್ಬೇಕು, ರೋಡಿಂದ 150 ಮಿಲಿಮೀಟರ್‌ಗಿಂತ ಎತ್ತರ ಇರ್ಬಾರ್ದು ಅಂತ. ನಿಮ್ಮನೆಯಿಂದ ರಾಮಾಂಜನೇಯ ಗುಡ್ಡದ ಕಡೆ ಒಂದ್ಸಲ ನಡ್ಕೊಂಡು ಹೋಗಿ ಇದನ್ನ ಯೋಚ್ನೆ ಮಾಡು. ಅಲ್ಲಾಡೋ ಚಪ್ಪಡಿ, ಟ್ರಾನ್ಸ್‌ಫಾರ್ಮರು, ಸುತ್ತಿಟ್ಟ ಕೇಬಲ್ಲು, ಎಳನೀರು ರಾಶಿ, ಮನೆಯವ್ರು ಕಾರು ಹತ್ಸೋಕೆ ಅಂತ ಹಾಕ್ಕೊಂಡಿರೋ ಸಿಮೆಂಟ್ ಇಳಿಜಾರು, ಸಿಗ್ನಲ್ ಬಿದ್ರೆ ಫುಟ್‌ಪಾತ್ ಮೇಲೇ ಬರೋ ಬೈಕು. ರೋಡಿಗಿಳಿದ್ಯೋ, ಪ್ರಾಮಲ್ಲಿರೋ ಮಗು ಮೂಗು ಗಾಡಿಗಳ ಸೈಲೆನ್ಸರ್ ಮಟ್ಟಕ್ಕೇ ಇರತ್ತೆ. ಎದೆಗೆ ಕಟ್ಕೊಂಡಿದ್ರೆ ಅಷ್ಟಾದ್ರೂ ಮೇಲಿರತ್ತೆ.

ಹಂಗಂತ ಪ್ರಾಮು ದಂಡ ಅಂತಿಲ್ಲ ನಾನು. ನಮ್ಮಕ್ಕ ಇರೋದು ಕನಕಪುರ ರೋಡ್ ಅಪಾರ್ಟ್‌ಮೆಂಟಲ್ಲಿ, ಅಲ್ಲಿ ಲಿಫ್ಟಿಂದ ಸೀದಾ ಕೆಳಗೆ, ಕಾಂಪೌಂಡ್ ಒಳಗೇ ಸುತ್ತೋ ದಾರಿ, ಸಾಯಂಕಾಲ ಆರಕ್ಕೆ ಪ್ರಾಮುಗಳ ಮೆರವಣಿಗೇನೇ ನಡಿಯತ್ತೆ, ಮಗ ಸಣ್ಣೋನಿದ್ದಾಗ ಅವ್ಳಿಗೆ ಅದು ಅನ್ನ ನೀರಿನಷ್ಟೇ ಬೇಕಾಗಿತ್ತು. ಲಾಲ್‌ಬಾಗ್ ಒಳಗಿನ ಟಾರ್ ದಾರಿ, ಭಾನುವಾರ ಗಾಡಿ ಬಿಡದ ಕಬ್ಬನ್ ಪಾರ್ಕು, ಚರ್ಚ್ ಸ್ಟ್ರೀಟು, ಈಗ ರಿಪೇರಿ ಆಗಿ ಅಗಲ ಆಗಿರೋ ಗಾಂಧಿ ಬಜಾರ್ ಫುಟ್‌ಪಾತು, ಇಲ್ಲೆಲ್ಲ ಪ್ರಾಮು ಚೆನ್ನಾಗೇ ಓಡತ್ತೆ. ಮೆಟ್ರೋಲೂ ಲಿಫ್ಟ್ ಇದೆ, ಅಗಲದ ಗೇಟೂ ಇದೆ, ಆದ್ರೆ ಮೆಟ್ರೋ ಸ್ಟೇಷನ್‌ವರೆಗೂ ಹೋಗೋದಿದ್ಯಲ್ಲ ಅದೇ ಕಷ್ಟ.

ಈಗ ನಿನ್ ಕೇಸಿಗೆ ಬರ್ತೀನಿ. ಡೆಲಿವರಿ ಬಳ್ಳಾರೀಲಿ, ಬಾಣಂತನ ಅಲ್ಲೇ, ಮಗು ಬೆಂಗಳೂರಿಗೆ ಬರೋದು ಮೂರನೇ ತಿಂಗ್ಳಿಗೋ ಐದನೇ ತಿಂಗ್ಳಿಗೋ. ಅಂದ್ರೆ ನೀನು ನ್ಯೂಬಾರ್ನ್‌ಗೆ ಅಂತ ಕೊಳ್ಳೋಕೆ ಹೊರಟಿರೋ ಪ್ರಾಮನ್ನ ಆ ನ್ಯೂಬಾರ್ನು ನೋಡೋದೇ ಇಲ್ಲ! ಬಳ್ಳಾರಿ ಮನೇಲಿ ತೊಟ್ಟಿಲಿದೆ, ಎಣ್ಣೆ ನೀರಿದೆ, ಕುಲಾವಿ ಹಾಕಿ ಕಾಡಿಗೆ ಬೊಟ್ಟಿಟ್ಟು ಮಲಗ್ಸೋಕೆ ನಿಮ್ಮತ್ತೆ ಇದ್ದಾರೆ, ಬಾಣಂತಿ ಕೋಣೆ ದಾಟಿ ಮಗು ಆಚೆಗೇ ಬರಲ್ಲ ಮೊದಲ್ನೇ ತಿಂಗಳಿಡೀ. ಪ್ರಾಮು ಇಟ್ಕೊಂಡು ಏನ್ ಮಾಡ್ತೀಯ ಅಲ್ಲಿ. (ಸಾಂಬ್ರಾಣಿ ಹೊಗೆ ಮಾತ್ರ ಮಗು ಮೂಗಿಗೆ ಹಿಡೀಬೇಡಿ ಅಂತ ಮೆಲ್ಲಗೆ ಹೇಳು, ನೀನು ಹೇಳ್ಬೇಡ, ಡಾಕ್ಟ್ರ ಕೈಲಿ ಹೇಳ್ಸು.)

ಸ್ಲಿಂಗ್ ಉಪಯೋಗಕ್ಕೆ ಬರೋದು ಅಲ್ಲೇ ನೋಡು, ಅದೂ ನಿಂಗೆ. ಬಾಣಂತನದ ಮನೇಲಿ ಗಂಡ ಅನ್ನೋನು ಗೆಸ್ಟು. ಶುಕ್ರವಾರ ರಾತ್ರಿ ಬಸ್ ಹತ್ತಿ ಹೋಗ್ತೀಯ, ಕಾಫಿ ಕೊಡ್ತಾರೆ, ಮಗೂನ ಎರಡು ನಿಮಿಷ ತೊಡೆ ಮೇಲೆ ಮಲಗಿಸ್ತಾರೆ, ಅತ್ರೆ ವಾಪಸ್ ಇಸ್ಕೋತಾರೆ, ಭಾನುವಾರ ರಾತ್ರಿ ವಾಪಸ್ ಬಸ್ಸು. ಹಾಲು ಕುಡ್ಸೋಕೆ ಬರಲ್ಲ, ಸ್ನಾನ ಮಾಡ್ಸೋಕೆ ಬಿಡಲ್ಲ, ಇನ್ನೇನಿದೆ ನಿಂಗೆ ಕೆಲಸ? ಸಾಯಂಕಾಲ ಆರರಿಂದ ಒಂಬತ್ತು, ಕಾರಣ ಇಲ್ದೆ ಅಳೋ ಹೊತ್ತು ಬರತ್ತಲ್ಲ, ಆರನೇ ವಾರದ ಹೊತ್ತಿಗೆ ಅದು ಜೋರು, ಆಗ ನೀನು ಮಗೂನ ಎದೆಗೆ ಕಟ್ಕೊಂಡು ನಡುಮನೇಲಿ ಅಡ್ಡಾಡು, ನಿಮ್ಮನೆಯವ್ರು ಎರಡು ಗಂಟೆ ನಿದ್ದೆ ಮಾಡ್ಲಿ. ಇದನ್ನ ನಾನು ಸುಮ್ನೆ ಹೇಳ್ತಿಲ್ಲ. 1986ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಮಾಡಿದ ಒಂದು ಸ್ಟಡೀಲಿ, ಮಕ್ಕಳನ್ನ ದಿನಾ ಹೆಚ್ಚು ಹೊತ್ತು ಎತ್ಕೊಂಡಿರಿ, ಅತ್ತಾಗ ಮಾತ್ರ ಅಲ್ಲ ಸುಮ್ನಿದ್ದಾಗ್ಲೂ, ಅಂತ ತಾಯಂದ್ರಿಗೆ ಹೇಳಿದ್ರು, ಆರನೇ ವಾರದಲ್ಲಿ ಆ ಮಕ್ಕಳ ಅಳು 43% ಕಮ್ಮಿ ಇತ್ತು. ಆದ್ರೆ ನಿಜವಾದ ಕಾಲಿಕ್, ಅಂದ್ರೆ ಗಂಟೆಗಟ್ಲೆ ಸಮಾಧಾನ ಆಗದ ಅಳು, ಇರೋ ಮಕ್ಕಳಿಗೆ ಇದು ಅಷ್ಟೇನೂ ಕೆಲಸ ಮಾಡ್ಲಿಲ್ಲ ಅಂತ ಅದೇ ಟೀಮಲ್ಲಿದ್ದೋರೇ 1991ರಲ್ಲಿ ಇನ್ನೊಂದು ಪೇಪರಲ್ಲಿ ಬರೆದ್ರು, ಹಾಗಾಗಿ ಸ್ಲಿಂಗ್ ಮಂತ್ರದಂಡ ಅನ್ಕೋಬೇಡ. ಇನ್ನು "ಎತ್ತಿ ಎತ್ತಿ ಕೈ ರೂಢಿ ಮಾಡ್ಸ್ಬೇಡ" ಅಂತ ಎಲ್ರೂ ಹೇಳ್ತಾರೆ. ಒಂದು ತಿಂಗಳ ಕೂಸಿಗೆ ಎಂಥಾ ರೂಢಿ, ಕೇಳಿಸ್ಕೊಂಡು ಹೂಂ ಅಂತ ಮುಂದಕ್ಕೆ ನಡಿ.

ಅಂದಹಾಗೆ ಬಳ್ಳಾರಿ ಪಕ್ಕದ ಕೊಪ್ಪಳ ಜಿಲ್ಲೇಲೇ, ತೂಕ ಕಮ್ಮಿ ಹುಟ್ಟಿದ ಮಕ್ಕಳನ್ನ ಬರಿಮೈಗೆ ಬರಿಮೈ ತಾಗೋ ಹಾಗೆ ಎದೆಗೆ ಕಟ್ಕೊಳ್ಳೋ ಕಾಂಗರೂ ಕೇರನ್ನ ದೊಡ್ಡ ಮಟ್ಟದಲ್ಲಿ ಮಾಡ್ಸಿದ್ದಾರೆ, ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯುಎಚ್‌ಒ) ಜೊತೆ ಸೇರಿ. ಅಮ್ಮ ಸುಸ್ತಾದಾಗ ಅಜ್ಜಿ ಕಟ್ಕೋಬೋದು, ಅಪ್ಪಾನೂ ಕಟ್ಕೋಬೋದು. ನಿಮ್ಮತ್ತೆಗೆ ಫಾರಿನ್ ಸ್ಟಡಿ ಎಲ್ಲ ಹೇಳೋಕ್ ಹೋಗ್ಬೇಡ, ಕೊಪ್ಪಳದ ಆಸ್ಪತ್ರೇಲಿ ಮಾಡ್ಸ್ತಾರೆ ಅನ್ನು, ಒಪ್ಕೋತಾರೆ. ಅದೂ ಅಲ್ದೆ ನಮ್ಮಲ್ಲಿ ಇದೇನು ಹೊಸದಾ? ಯಾದಗಿರಿ ರಾಯಚೂರಿಂದ ಬಂದು ಇಲ್ಲಿ ಬಿಲ್ಡಿಂಗ್ ಕೆಲಸ ಮಾಡೋ ಹೆಂಗಸ್ರು ಹಳೇ ಸೀರೇಲಿ ಜೋಳಿಗೆ ಕಟ್ಟಿ ಮಗೂನ ಮಲಗ್ಸಿರೋದನ್ನ ದಿನಾ ನೋಡ್ತೀವಿ, ನಾವು ಮಾತ್ರ ಮೂರೂವರೆ ಸಾವ್ರ ಕೊಟ್ಟು ಬಟ್ಟೆ ಆರ್ಡರ್ ಮಾಡ್ತೀವಿ, ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕ್ದಂಗೆ.

ಆದ್ರೂ ಸೀರೇಲಿ ನೀನೇ ಕಟ್ಕೋತೀನಿ ಅನ್ನೋ ಸಾಹಸ ಬೇಡ, ಗಂಟು ಜಾರಿದ್ರೆ ಕಷ್ಟ. ರಿಂಗ್ ಸ್ಲಿಂಗ್ ತಗೋ, ಕೈಮಗ್ಗದ ಕಾಟನ್ ಆಗಿರ್ಲಿ, ಸ್ಟ್ರೆಚ್ ಆಗೋ ಬಟ್ಟೆ ಬಳ್ಳಾರಿ ಸೆಕೆಗಲ್ಲ. ಎರಡು ಅಲ್ಯೂಮಿನಿಯಂ ಬಳೆ ಇರತ್ತೆ, ಅದರಲ್ಲಿ ಬೆಸುಗೆ ಹಾಕಿದ ಜಾಯಿಂಟ್ ಇರ್ಬಾರ್ದು, ಬೆರಳಲ್ಲಿ ಸವರಿ ನೋಡು. ಬಟ್ಟೆ ಎರಡೂ ಬಳೆ ಒಳಗಿಂದ ಹೋಗಿ, ಮೇಲಿನ ಬಳೆ ದಾಟಿ, ಕೆಳಗಿನದರೊಳಗೆ ವಾಪಸ್ ಬರತ್ತೆ, ನಮ್ ಬೆಲ್ಟಲ್ಲಿ ಎರಡು ರಿಂಗ್ ಬರ್ತಿತ್ತಲ್ಲ ಅದೇ ಕಥೆ. ಎಳೆಯೋದ್ರಲ್ಲಿ ಇರೋದು ಕೆಲಸ. ಬಳೆಯಿಂದ ಇಳಿಬಿದ್ದಿರೋ ಬಟ್ಟೆ ಬಾಲಾನ ಇಡಿಯಾಗಿ ಹಿಡಿದು ಒಟ್ಟಿಗೆ ಎಳೆದ್ರೆ ಬಿಗಿ ಆಗಲ್ಲ, ಒಂದೇ ಕಡೆ ಮುದ್ದೆ ಆಗತ್ತೆ, ಮೇಲಂಚು ಬೇರೆ, ನಡುವಿನ ಬಟ್ಟೆ ಬೇರೆ, ಕೆಳಗಿನಂಚು ಬೇರೆ, ಸ್ವಲ್ಪ ಸ್ವಲ್ಪ ಎಳೀತಾ ಬರ್ಬೇಕು, ಒಂದು ಕೈ ಮಗು ಬೆನ್ನ ಮೇಲಿಂದ ತೆಗೀದೇ. ಮೊದ್ಲು ಮೂರು ಕೆಜಿ ಸೋನಾ ಮಸೂರಿ ಅಕ್ಕೀನ ಟವಲ್‌ನಲ್ಲಿ ಗಂಟು ಕಟ್ಟಿ ಕನ್ನಡಿ ಮುಂದೆ ಪ್ರ್ಯಾಕ್ಟೀಸ್ ಮಾಡು. ನಗ್ಬೇಡ. ಮಂಚದ ಪಕ್ಕ ನಿಂತು ಮಾಡು, ಬಿದ್ರೆ ಹಾಸಿಗೆ ಮೇಲೆ ಬೀಳ್ಲಿ.

ನಿಮ್ಮತ್ತೆ ಮೊದಲ್ನೇ ದಿನಾನೇ ಕೇಳ್ತಾರೆ, "ಕೂಸಿಗೆ ಉಸುರು ಕಟ್ಟಿದ್ರ ಏನ್ ಮಾಡ್ತೀರ್ರೀ?" ಬೇಜಾರ್ ಮಾಡ್ಕೋಬೇಡ, ಸ್ಲಿಂಗ್ ಬಗ್ಗೆ ಕೇಳ್ಬೇಕಾದ ಸರಿಯಾದ ಪ್ರಶ್ನೆ ಅದೊಂದೇ. 2010ರಲ್ಲಿ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಇದೇ ವಿಷ್ಯಕ್ಕೆ ವಾರ್ನಿಂಗ್ ಕೊಡ್ತು, ಇಪ್ಪತ್ತು ವರ್ಷದಲ್ಲಿ ಸ್ಲಿಂಗಿಗೆ ಸಂಬಂಧಪಟ್ಟ ಹಾಗೆ ಕನಿಷ್ಠ 14 ಸಾವು ಲೆಕ್ಕಕ್ಕೆ ಸಿಕ್ಕಿತ್ತು, ಅದ್ರಲ್ಲಿ 12 ಮಕ್ಕಳು ನಾಲ್ಕು ತಿಂಗಳಿಗಿಂತ ಸಣ್ಣವು. ಎಳೇ ಮಗೂಗೆ ಕುತ್ತಿಗೆ ನಿಲ್ಲಲ್ಲ, ಚೀಲದ ಥರ ಆಳ ಇರೋ ಸ್ಲಿಂಗಲ್ಲಿ ಸಿ ಆಕಾರಕ್ಕೆ ಮಡಚ್ಕೊಂಡ್ರೆ ಗದ್ದ ಎದೆಗೆ ಒತ್ತಿ ಉಸಿರ ದಾರಿ ಕಿರಿದಾಗತ್ತೆ, ಅಳೋಕೂ ಆಗಲ್ಲ, ಸದ್ದೇ ಇರಲ್ಲ, ನಾವು ಮಲಗಿದೆ ಅನ್ಕೋತೀವಿ. ಅದಕ್ಕೇ ನೀನು ಕಳ್ಸಿರೋ ಎರಡನೇ ಸ್ಲಿಂಗು, ಮಗೂನ ಅಡ್ಡಡ್ಡ ಮಲಗ್ಸೋ ಬ್ಯಾಗ್ ಥರದ್ದು, ಅದನ್ನ ಇವತ್ತೇ ಡಿಲೀಟ್ ಮಾಡು. ಮಗು ನೆಟ್ಟಗೆ ನಿನ್ನೆದೆಗೆ ಅಂಟ್ಕೊಂಡಿರ್ಬೇಕು, ನೀನು ತಲೆ ಬಗ್ಸಿದ್ರೆ ಅದರ ನೆತ್ತಿಗೆ ಮುತ್ತು ಕೊಡೋಕೆ ಸಿಗ್ಬೇಕು, ಮುಖ ಸದಾ ಕಾಣ್ಬೇಕು, ಗದ್ದದ ಕೆಳಗೆ ನಿನ್ನ ಬೆರಳು ತೂರ್ಬೇಕು. ಮೊಣಕಾಲು ಅಂಡಿಗಿಂತ ಮೇಲೆ, ಕಾಲೆರಡೂ ಇಂಗ್ಲಿಷ್ ಎಂ ಥರ, ಇಲ್ಲಾಂದ್ರೆ ಸೊಂಟದ ಕೀಲಿಗೆ ಒಳ್ಳೇದಲ್ಲ. ತೂಕ ಕಮ್ಮಿ ಇದ್ರೆ, ತಿಂಗಳು ತುಂಬದೆ ಹುಟ್ಟಿದ್ರೆ, ಶೀತ ಆಗಿ ಮೂಗು ಕಟ್ಟಿದ್ರೆ, ಡಾಕ್ಟ್ರನ್ನ ಕೇಳದೆ ಕಟ್ಕೋಬೇಡ. ಸ್ಲಿಂಗಲ್ಲಿ ಮಗು ಇದ್ದಾಗ ನೀನು ಸೋಫಾ ಮೇಲೆ ಒರಗಿ ಕಣ್ಣು ಮುಚ್ಚೋ ಹಾಗಿಲ್ಲ, ಒಲೆ ಮುಂದೆ ಹೋಗೋ ಹಾಗಿಲ್ಲ, ಒಗ್ಗರಣೆ ಸಿಡಿಯೋದು ಸರಿಯಾಗಿ ಆ ಎತ್ತರಕ್ಕೇ.

ಸ್ಕೂಟರ್ ವಿಷ್ಯ ಬರ್ದೇ ಹೇಳ್ತೀನಿ, ಯಾಕಂದ್ರೆ ನಿನ್ ಬುದ್ಧಿ ಗೊತ್ತು ನಂಗೆ. ಸ್ಲಿಂಗಲ್ಲಿ ಮಗು ಕಟ್ಕೊಂಡು ಆಕ್ಟಿವಾ ಹತ್ತೋದು ಇಲ್ಲ. ಹಿಂದೆ ಕೂತ್ರೂ ಇಲ್ಲ. ಕಾರಲ್ಲಿ ಮಗೂಗೆ ಅಂತ್ಲೇ ಬರೋ ಕಾರ್ ಸೀಟೇ ಬೇಕು, ಸ್ಲಿಂಗ್ ಬ್ರೇಕ್ ಹಾಕಿದಾಗ ಏನೂ ಕಾಪಾಡಲ್ಲ. ಪ್ರಾಮಿಗೆ ಇಡ್ಬೇಕು ಅಂತಿರೋ ದುಡ್ಡನ್ನ ಕಾರ್ ಸೀಟಿಗೆ ಹಾಕು, ಬಳ್ಳಾರಿಯಿಂದ ಮಗು ಬರೋ ದಿನಾನೇ ಬೇಕಾಗತ್ತೆ ಅದು. ಇದನ್ನ ಯಾರೂ ಆಫರಲ್ಲಿ ಹುಡುಕಲ್ಲ ನೋಡು.

ಸೆಕೆ ಬಗ್ಗೆ ನೀನು ಹೇಳೋದು ನಿಜ. ಏಪ್ರಿಲ್ ಬಳ್ಳಾರೀಲಿ ಮಧ್ಯಾಹ್ನ ಎದೆಗೆ ಎದೆ ತಾಗಿದ್ರೆ ಇಬ್ರೂ ಬೆವರ್ತೀರ, ಆಗ ತೊಟ್ಟಿಲೇ ಸೈ, ಹೊತ್ತು ಮುಳುಗಿದ್ಮೇಲೆ ಕಟ್ಕೋ, ಒಳಗೆ ಮಗೂಗೆ ತೆಳ್ಳಗಿನ ಒಂದು ಜಬ್ಲಾ ಸಾಕು. ಪ್ರಾಮಲ್ಲೂ ಸೆಕೆ ಇಲ್ಲ ಅನ್ಕೋಬೇಡ, ಧೂಳು, ದೃಷ್ಟಿ ಅಂತ ಪ್ರಾಮ್ ಬಾಯಿಗೆ ಬಟ್ಟೆ ಮುಚ್ತಾರಲ್ಲ, ಒಳಗೆ ಗಾಳಿ ಆಡದೆ ಸ್ವಲ್ಪ ಹೊತ್ತಲ್ಲೇ ಕುದಿಯತ್ತೆ, ಆ ಕೆಲಸ ಯಾವತ್ತೂ ಬೇಡ.

ನಾಲ್ಕೈದು ತಿಂಗಳಿಗೆ ಕುತ್ತಿಗೆ ಗಟ್ಟಿ ಆಗತ್ತೆ, ಮಗು ಆರೇಳು ಕೆಜಿ ತೂಗತ್ತೆ, ಆಗ ಒಂದೇ ಹೆಗಲಿನ ರಿಂಗ್ ಸ್ಲಿಂಗಲ್ಲಿ ನಿನ್ ಭುಜ ಬಿದ್ದೋಗತ್ತೆ. ಬಕಲ್ ಕ್ಯಾರಿಯರ್‌ಗೆ ಹೋಗು, ಎರಡೂ ಹೆಗಲು ಸೊಂಟ ಎಲ್ಲ ಭಾರ ಹಂಚ್ಕೋತವೆ. ಮುಖ ಆಚೆಗೆ ಮಾಡಿ ಕಾಲು ನೇತಾಡ್ಸೋ ಥರದ್ದು ಬೇಡ, ಫೋಟೋಗೆ ಚೆನ್ನಾಗಿರತ್ತೆ ಅಷ್ಟೇ. ಪ್ರಾಮಿನ ಮಾತು ಅದಾದ್ಮೇಲೆ, ಮಗು ಕೂರೋಕೆ ಕಲಿತ್ಮೇಲೆ, ಆಗ್ಲೂ ಹೊಸದು ಬೇಡ. ಅಕ್ಕನ ಮಗ ಈಗ ಸೈಕಲ್ ಹೊಡೀತಾನೆ, ಅವ್ರ ಪ್ರಾಮು ಸ್ಟೋರ್ ರೂಮಲ್ಲಿದೆ, ಕೇಳಿದ್ದೀನಿ, ಕೊಡ್ತಾಳೆ. ತರೋ ಮುಂಚೆ ಇಬ್ರೂ ಕೂತು ನೋಡೋಣ: ಬ್ರೇಕ್ ಹಾಕಿ ಇಳಿಜಾರಲ್ಲಿ ನಿಲ್ಲಿಸಿದ್ರೆ ನಿಲ್ಲತ್ತಾ, ಐದೂ ಬೆಲ್ಟ್ ಕೂರತ್ತಾ, ಮಡಚೋ ಜಾಗದ ಲಾಕ್ ಸಡಿಲ ಇದ್ಯಾ. ಆ ಮಡಚೋ ಕೀಲಿನ ಮೇಲೆ ಕಣ್ಣಿಡ್ಬೇಕು, 2009ರಲ್ಲಿ ಅಮೆರಿಕದಲ್ಲಿ ಸುಮಾರು ಹತ್ತು ಲಕ್ಷ ಸ್ಟ್ರೋಲರ್‌ಗಳಿಗೆ (ಮಗೂನ ಕೂರ್ಸಿ ತಳ್ಳೋ ಗಾಡಿಗೆ ಅಲ್ಲಿನ ಹೆಸ್ರು) ಆ ಕೀಲು ಮುಚ್ಚೋ ಕವರ್ ಹಂಚಬೇಕಾಯ್ತು, ಮಕ್ಕಳ ಬೆರಳ ತುದಿ ಸಿಕ್ಕಿ ಕತ್ತರಿಸಿ ಹೋಗಿತ್ತು. ಮೂರನೇ ಮಹಡಿಗೆ ಹತ್ಸೋಕೆ ಹೋಗ್ಬೇಡ, ಓನರ್ ಆಂಟೀನ ಕೇಳಿ ಮೆಟ್ಲ ಕೆಳಗೆ ಮೀಟರ್ ಬೋರ್ಡ್ ಪಕ್ಕ ಜಾಗ ಮಾಡ್ಕೋ, ಲಾಲ್‌ಬಾಗಿಗೆ ಹೋಗೋವಾಗ ಅಲ್ಲಿಂದ್ಲೇ ಹೊರಡು.

ನನ್ನ ಹಳೇ ರಿಂಗ್ ಸ್ಲಿಂಗ್ ಒಗೆದಿಟ್ಟಿದ್ದಾಳೆ ನಮ್ಮನೆಯವ್ಳು, ಬಳೆ ಗಟ್ಟಿ ಇದೆ, ಹೊಲಿಗೆ ನೋಡಿದ್ದೀನಿ. ಭಾನುವಾರ ಬೆಳಗ್ಗೆ ತರ್ತೀನಿ. ನೀನು ಅಕ್ಕಿ ತೂಗಿ ಗಂಟು ಕಟ್ಟಿಡು, ಮೂರು ಕೆಜಿಗೆ ಕಮ್ಮಿ ಮಾಡ್ಬೇಡ, ನಿಮ್ಮಮ್ಮಂಗೂ ಇರೋಕೆ ಹೇಳು, ಅವ್ರೂ ಒಂದ್ಸಲ ಕಟ್ಕೊಂಡು ನೋಡ್ಲಿ.

ಇಂತಿ ನಿನ್ನ,
ವಿಜಯನಗರದೋನು