ಅಮೆರಿಕದ ಸಂವಿಧಾನ: ಭಾಷಣ ಕಡಿಮೆ ಮಾಡಿ, ಕರಡು ಓದಿಸಿ

ಮಾನ್ಯ ಸಂಪಾದಕರೇ,

2026ರ ಜುಲೈ 4ಕ್ಕೆ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ 250 ವರ್ಷ. ಈ ನೆಪದಲ್ಲಿ ಆ ದೇಶದ ಸಂವಿಧಾನದ ಬಗ್ಗೆ ನಮ್ಮ ಕಾಲೇಜು, ಗ್ರಂಥಾಲಯಗಳಲ್ಲಿ ಕಾರ್ಯಕ್ರಮ ಇಟ್ಟುಕೊಳ್ಳುವವರು ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಘೋಷಣೆ 1776ರದು, ಫಿಲಡೆಲ್ಫಿಯಾದಲ್ಲಿ ರಾಜ್ಯಗಳ ಪ್ರತಿನಿಧಿಗಳ ಸಭೆ ಬರೆದ ಸಂವಿಧಾನ 1787ರದು. ಎರಡನ್ನೂ ಬೆರೆಸಿಬಿಟ್ಟರೆ, ಜನರ ಮೇಲೆ ತೆರಿಗೆ ಹಾಕುವ ಅಧಿಕಾರವೂ ಇಲ್ಲದೆ ಕೇಂದ್ರ ಸೊರಗಿದ ನಡುವಿನ ಕಾಲ ಮರೆಯಾಗುತ್ತದೆ. ಹೊಸ ಸಂವಿಧಾನ ಯಾಕೆ ಬೇಕಾಯಿತೆಂಬುದೇ ಆಗ ತಿಳಿಯುವುದಿಲ್ಲ.

ಫಿಲಡೆಲ್ಫಿಯಾದ ರಾಷ್ಟ್ರೀಯ ಸಂವಿಧಾನ ಕೇಂದ್ರದಲ್ಲಿ ಆಳೆತ್ತರದ 42 ಕಂಚಿನ ಪ್ರತಿಮೆಗಳಿವೆ. ಸಂವಿಧಾನಕ್ಕೆ ಸಹಿ ಹಾಕಿದವರು 39 ಮಂದಿ. ಉಳಿದ ಮೂವರು, ಜಾರ್ಜ್ ಮೇಸನ್, ಎಡ್ಮಂಡ್ ರಾಂಡಾಲ್ಫ್ ಮತ್ತು ಎಲ್‌ಬ್ರಿಡ್ಜ್ ಗೆರ್ರಿ, ಸಭೆಯ ಕೊನೆಯ ದಿನದವರೆಗೂ ಕೂತು ಸಹಿ ಹಾಕಲು ಒಪ್ಪದವರು. ಒಪ್ಪದವರನ್ನೂ ಅದೇ ಕೋಣೆಯಲ್ಲಿ ನಿಲ್ಲಿಸಿರುವುದು ಬಹಳ ಸರಿ. ನಮ್ಮ ಕಾರ್ಯಕ್ರಮಗಳಿಗೂ ಇದೇ ಮೇಲ್ಪಂಕ್ತಿಯಾಗಲಿ.

ಒಂದೂವರೆ ಗಂಟೆ, ಇಪ್ಪತ್ತು ಜನ, ಎರಡು ಹಾಳೆ ಸಾಕು. ಮೊದಲ ಹಾಳೆಯ ಎಡಕ್ಕೆ 1787ರ ಆಗಸ್ಟ್ 6ರ ಕರಡಿನ ಪೀಠಿಕೆ, ಬಲಕ್ಕೆ ಸೆಪ್ಟೆಂಬರ್ 12ರದು. ಆಗಸ್ಟಿನ ಪೀಠಿಕೆ 'ನಾವು, ಜನರು' ಎಂದು ಶುರುವಾಗಿ ನ್ಯೂ ಹ್ಯಾಂಪ್‌ಶೈರ್‌ನಿಂದ ಜಾರ್ಜಿಯಾದವರೆಗೆ 13 ರಾಜ್ಯಗಳ ಹೆಸರನ್ನೂ ಹೇಳುತ್ತದೆ. ಸೆಪ್ಟೆಂಬರಿನದರಲ್ಲಿ ಒಂದು ಹೆಸರೂ ಇಲ್ಲ, 'ಸಂಯುಕ್ತ ಸಂಸ್ಥಾನಗಳ ಜನರಾದ ನಾವು' ಎಂದಷ್ಟೇ. ಹೆಸರುಗಳು ಎಲ್ಲಿ ಹೋದವೆಂದು ಕೇಳಿ, ಹತ್ತು ನಿಮಿಷ ಸುಮ್ಮನಿರಿ. ಒಂಬತ್ತು ರಾಜ್ಯ ಒಪ್ಪಿದರೆ ಸಂವಿಧಾನ ಜಾರಿಯಾಗುತ್ತಿತ್ತು. ಆ ಒಂಬತ್ತು ಯಾವುವೆಂದು ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ಹೆಸರು ಹಾಕುವಂತಿರಲಿಲ್ಲ. ರೋಡ್ ಐಲೆಂಡ್ ಅಂತೂ ಪ್ರತಿನಿಧಿಯನ್ನೇ ಕಳಿಸಿರಲಿಲ್ಲ. ಆದರೆ ಕಾರಣ ಎಷ್ಟೇ ಸಾದಾ ಇರಲಿ, ಪರಿಣಾಮ ದೊಡ್ಡದು. 'ನಾವು ರಾಜ್ಯಗಳು' ಎನ್ನದೆ 'ನಾವು ಜನರು' ಎನ್ನಲು ಕರಡು ಬರೆದವರಿಗೆ ಅಧಿಕಾರ ಕೊಟ್ಟವರು ಯಾರೆಂದು 1788ರ ಜೂನ್‌ನಲ್ಲಿ ಸಂವಿಧಾನವನ್ನು ಒಪ್ಪಬೇಕೇ ಎಂದು ಚರ್ಚಿಸಿದ ವರ್ಜೀನಿಯಾದ ಸಭೆಯಲ್ಲಿ ಅದರ ವಿರೋಧಿ ಪ್ಯಾಟ್ರಿಕ್ ಹೆನ್ರಿ ಗುಡುಗಿದರು.

ಎರಡನೆಯ ಹಾಳೆಯಲ್ಲಿ ಜಗಳವೇ ಇರಲಿ. ಸಂವಿಧಾನವನ್ನು ವಿರೋಧಿಸಿ 'ಬ್ರೂಟಸ್' ಎಂಬ ಗುಪ್ತನಾಮದಲ್ಲಿ ಬಂದ ಮೊದಲ ಪತ್ರ, ಇಷ್ಟು ವಿಶಾಲ ದೇಶದಲ್ಲಿ ಗಣರಾಜ್ಯ ಉಳಿಯದು ಎನ್ನುತ್ತದೆ. ದೇಶ ದೊಡ್ಡದಾದಷ್ಟೂ ಒಂದೇ ಬಣ ಮೇಲುಗೈ ಪಡೆಯುವುದು ಕಷ್ಟ ಎಂದು ಸಂವಿಧಾನದ ಪರವಾದ 'ಫೆಡರಲಿಸ್ಟ್' ಪ್ರಬಂಧಮಾಲೆಯ 10ನೆಯದರಲ್ಲಿ ಫಿಲಡೆಲ್ಫಿಯಾ ಸಭೆಯ ಪ್ರತಿನಿಧಿ ಜೇಮ್ಸ್ ಮ್ಯಾಡಿಸನ್ ವಾದಿಸುತ್ತಾರೆ. ಇಡೀ ಪ್ರಬಂಧ ಹಂಚಬೇಡಿ. ಸುಮಾರು ಮೂರು ಸಾವಿರ ಪದಗಳಿವೆ, ಓದುವಷ್ಟರಲ್ಲೇ ಸಮಯ ಮುಗಿಯುತ್ತದೆ. ತಲಾ ಎರಡು ಪ್ಯಾರಾ ಸಾಕು. ಮ್ಯಾಡಿಸನ್‌ರ ಸಭಾ ಟಿಪ್ಪಣಿಗಳನ್ನು ಬಳಸುವವರು ನೆನಪಿಡಬೇಕು: ಅವು ಅಕ್ಷರಶಃ ವರದಿಯಲ್ಲ, ಅವರೇ ಆಮೇಲೆ ತಿದ್ದಿದ್ದವು, ಅಚ್ಚಾದದ್ದು 1840ರಲ್ಲಿ.

ಗುಲಾಮಗಿರಿಯನ್ನು ಮುಜುಗರವೆಂದು ದಾಟಿಸಿಬಿಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಮೂಲ ಪಠ್ಯದಲ್ಲಿ 'ಗುಲಾಮ' ಎಂಬ ಪದವೇ ಇಲ್ಲ. ರಾಜ್ಯಗಳಿಗೆ ಪ್ರತಿನಿಧಿ ಸ್ಥಾನ ಹಂಚಲು ಜನರನ್ನು ಎಣಿಸುವಾಗ 'ಇತರ ಎಲ್ಲ ವ್ಯಕ್ತಿಗಳ' ಐದರಲ್ಲಿ ಮೂರು ಭಾಗ ಎಂಬ ಲೆಕ್ಕದೊಳಗೆ ಅದು ಅಡಗಿದೆ. ಆ ಸಾಲನ್ನು ಗಟ್ಟಿಯಾಗಿ ಓದಿಸಲೇಬೇಕು. ಮ್ಯಾಸಚೂಸೆಟ್ಸ್‌ನ ಹಲವು ಊರುಗಳಲ್ಲಿ ಜನರು ಸೇರಿ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಅದರ ವಿರುದ್ಧ ಹೋರಾಡಿದ ಫ್ರೆಡೆರಿಕ್ ಡಗ್ಲಾಸ್ ಅವರ 1852ರ ಜುಲೈ 5ರ ಭಾಷಣವನ್ನು ಸರದಿಯ ಮೇಲೆ ಓದುತ್ತಾರೆ. ಪಂಡಿತರ ವ್ಯಾಖ್ಯಾನಕ್ಕಿಂತ ಅದು ಹೆಚ್ಚು ನಾಟುತ್ತದೆ.

ನಮಗೆ ಇದು ದೂರದ ವಿಷಯವೂ ಅಲ್ಲ. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗರಾಯರು ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿ 1947ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡಿದ್ದರು. ನ್ಯಾಯಯುತ ಕ್ರಮವಿಲ್ಲದೆ ಯಾರ ಜೀವ, ಸ್ವಾತಂತ್ರ್ಯ, ಆಸ್ತಿಯನ್ನೂ ಕಸಿಯಬಾರದೆಂಬ 'ಡ್ಯೂ ಪ್ರೋಸೆಸ್' ತತ್ವ ನ್ಯಾಯಾಂಗಕ್ಕೆ ಹೊರೆಯಾದೀತೆಂಬ ಎಚ್ಚರಿಕೆ ಅಲ್ಲಿ ಸಿಕ್ಕಿತು. ಕೊನೆಗೆ ಜೀವ, ಸ್ವಾತಂತ್ರ್ಯ ಕಾಯುವ ನಮ್ಮ 21ನೇ ವಿಧಿಯಲ್ಲಿ ಉಳಿದದ್ದು 'ಕಾನೂನಿನಿಂದ ಸ್ಥಾಪಿತವಾದ ಕಾರ್ಯವಿಧಾನ'. 'ಡ್ಯೂ ಪ್ರೋಸೆಸ್' ಇರುವ ಅಮೆರಿಕದ ಐದನೇ ತಿದ್ದುಪಡಿ, ನಮ್ಮ 21ನೇ ವಿಧಿ, ಆ ಕಾರ್ಯವಿಧಾನ ನ್ಯಾಯಯುತವಾಗಿರಬೇಕೆಂದ ನಮ್ಮ ಸುಪ್ರೀಂ ಕೋರ್ಟಿನ 1978ರ ಮೇನಕಾ ಗಾಂಧಿ ತೀರ್ಪಿನ ಒಂದು ಪುಟ, ಈ ಮೂರನ್ನೂ ಒಟ್ಟಿಗೆ ಹಂಚುವುದಾದರೆ ಇನ್ನೊಂದು ಸಂಜೆ ಬೇರೆಯೇ ಇಟ್ಟುಕೊಳ್ಳಿ.

ರಾಜ್ಯಶಾಸ್ತ್ರ ಅಧ್ಯಾಪಕ, ಮಂಗಳೂರು